ದಾರದಲ್ಲಿ ಅಳೆದ ದೂರ: ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಬದುಕು ಮತ್ತು ಏಕಮಾನದ ಪಾಠ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಎಂದು ಕೇಳಿದರೆ ಇಂದು ಮೊಬೈಲು ಕ್ಷಣದಲ್ಲಿ ಉತ್ತರ ಕೊಡುತ್ತದೆ. ಕಿಲೋಮೀಟರ್ ಬೇಕೆಂದರೆ ಕಿಲೋಮೀಟರ್, ಮೈಲಿ ಬೇಕೆಂದರೆ ಮೈಲಿ. 1927ರಲ್ಲಿ 25 ವರ್ಷದ ಒಬ್ಬ ಅಂಚೆ ವಿಮಾನ ಚಾಲಕರು ಇದೇ ಪ್ರಶ್ನೆಗೆ ಉತ್ತರವನ್ನು ತಾವೇ ಹುಡುಕಬೇಕಾಯಿತು. ಉತ್ತರ ತಪ್ಪಾಗಿದ್ದರೆ ಕಳೆದುಕೊಳ್ಳುವುದು ಅಂಕವನ್ನಲ್ಲ, ಜೀವವನ್ನು. ಅವರು ಚಾರ್ಲ್ಸ್ ಲಿಂಡ್‌ಬರ್ಗ್. ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬರೇ, ಎಲ್ಲೂ ಇಳಿಯದೆ, ಮೊದಲ ಬಾರಿಗೆ ಹಾರಿದವರು.

ಅವರ ಸಾಹಸ ಎಲ್ಲರಿಗೂ ಗೊತ್ತು. ಆ ಸಾಹಸದ ಹಿಂದೆ ಇದ್ದ ಅಳತೆಯ ಕೆಲಸ ಅಷ್ಟಾಗಿ ಗೊತ್ತಿಲ್ಲ. ಉದ್ದದ ಏಕಮಾನಗಳ ಪರಿವರ್ತನೆಯನ್ನೋ ಅಕ್ಷಾಂಶ ರೇಖಾಂಶಗಳನ್ನೋ ಬೋಧನಾಭ್ಯಾಸಕ್ಕೆ ಆರಿಸಿಕೊಂಡಿರುವ ಪ್ರಶಿಕ್ಷಣಾರ್ಥಿಗಳಿಗೆ ಈ ಬದುಕಿನಲ್ಲಿ ಒಂದು ಒಳ್ಳೆಯ ಪಾಠವಿದೆ. ಆ ಪಾಠ ಇಷ್ಟೇ: ಏಕಮಾನವಿಲ್ಲದ ಸಂಖ್ಯೆ ದೂರವಲ್ಲ, ಹೇಗೆ ಅಳೆದದ್ದು ಎಂದು ಗೊತ್ತಿಲ್ಲದ ದೂರವನ್ನು ನಂಬಿ ಹೊರಡುವಂತಿಲ್ಲ.

ಹಲವು ಶಾಲೆಗಳ ಹುಡುಗ

ಲಿಂಡ್‌ಬರ್ಗ್ 1902ರ ಫೆಬ್ರವರಿ 4ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದರು. ಬೆಳೆದದ್ದು ಮಿನೆಸೋಟ ರಾಜ್ಯದ ಲಿಟ್ಲ್ ಫಾಲ್ಸ್ ಊರಿನ ಬಳಿ, ಮಿಸಿಸಿಪ್ಪಿ ನದಿಯ ದಡದ ತೋಟದ ಮನೆಯಲ್ಲಿ. ತಂದೆ ವಕೀಲರು, 1907ರಿಂದ 1917ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ತಾಯಿ ಇವಾಂಜಲೀನ್ ರಸಾಯನ ವಿಜ್ಞಾನದ ಶಿಕ್ಷಕಿ. ತಾಯಿಯ ತಂದೆ ದಂತವೈದ್ಯರು; ಹಲ್ಲಿಗೆ ಪಿಂಗಾಣಿಯ ಕವಚ ಮಾಡುವ ವಿಧಾನವನ್ನು ಕಂಡುಹಿಡಿದವರು. ಡೆಟ್ರಾಯಿಟಿನ ಅವರ ಮನೆಯಲ್ಲಿದ್ದ ಪ್ರಯೋಗಶಾಲೆ ಮೊಮ್ಮಗನಿಗೆ ಆಟದ ಮನೆಯೂ ಆಗಿತ್ತು.

ತಂದೆಯ ಕೆಲಸ ವಾಷಿಂಗ್ಟನ್‌ನಲ್ಲಿ, ಮನೆ ಮಿನೆಸೋಟದಲ್ಲಿ. ಹೀಗಾಗಿ ಹುಡುಗ ಹತ್ತಕ್ಕೂ ಹೆಚ್ಚು ಶಾಲೆಗಳನ್ನು ಬದಲಾಯಿಸಬೇಕಾಯಿತು. ಯಾವ ಶಾಲೆಯಲ್ಲೂ ಬೇರು ಬಿಡಲಿಲ್ಲ, ಓದಿನಲ್ಲಿ ಹೆಸರು ಮಾಡಲಿಲ್ಲ. ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿ ಮಾತ್ರ ದಣಿವೆಂಬುದಿರಲಿಲ್ಲ. 1920ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು. ಎರಡನೇ ವರ್ಷದಲ್ಲಿ ಅಂಕಗಳು ತೀರಾ ಕಡಿಮೆಯಾಗಿ ಕಾಲೇಜು ಬಿಟ್ಟರು.

1922ರ ಏಪ್ರಿಲ್‌ನಲ್ಲಿ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದ ಹಾರಾಟದ ಶಾಲೆಗೆ ಸೇರಿದರು. ಅಲ್ಲಿಂದ ಊರೂರಿನ ಜಾತ್ರೆಗಳಲ್ಲಿ ವಿಮಾನದ ರೆಕ್ಕೆಯ ಮೇಲೆ ನಡೆಯುವುದು, ಪ್ಯಾರಾಚೂಟಿನಲ್ಲಿ ಜಿಗಿಯುವುದು ಹೊಟ್ಟೆಪಾಡಾಯಿತು. 1923ರಲ್ಲಿ ಸೇನೆಯಿಂದ ಹೊರಬಿದ್ದ ಹಳೆಯ ವಿಮಾನವೊಂದನ್ನು 500 ಡಾಲರಿಗೆ ಕೊಂಡರು. ಮರುವರ್ಷ ಸೇನೆಯ ವಿಮಾನ ತರಬೇತಿಗೆ ಸೇರಿದಾಗ ಬೇರೆಯೇ ವಿದ್ಯಾರ್ಥಿ ಕಾಣಿಸಿದ. ತರಗತಿಯಲ್ಲಿ 104 ಜನ ಇದ್ದರು. ಒಂದು ವರ್ಷದ ಕೊನೆಗೆ ಉಳಿದವರು 18 ಜನ. ಅವರಲ್ಲಿ ಲಿಂಡ್‌ಬರ್ಗ್ ಮೊದಲಿಗರು. ಕಾಲೇಜಿನಲ್ಲಿ ಲೆಕ್ಕ ಬೇಡವೆಂದವರಿಗೆ ಇಲ್ಲಿ ಅದೇ ಲೆಕ್ಕ ಬೇಕಾಯಿತು, ಏಕೆಂದರೆ ಇಲ್ಲಿ ಲೆಕ್ಕದ ಕೊನೆಗೆ ತಾವೇ ಕುಳಿತು ಹಾರಬೇಕಾದ ವಿಮಾನವಿತ್ತು. ಕಲಿಕೆಗೆ ಉದ್ದೇಶ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಶಿಕ್ಷಣ ಮನೋವಿಜ್ಞಾನದ ತರಗತಿಯಲ್ಲಿ ಹೇಳಬಹುದಾದ ಉದಾಹರಣೆ ಇದು.

25 ಗ್ಯಾಲನ್‌ಗಳ ವ್ಯತ್ಯಾಸ

1926ರ ಏಪ್ರಿಲ್‌ನಿಂದ ಲಿಂಡ್‌ಬರ್ಗ್ ಸೇಂಟ್ ಲೂಯಿಸ್ ಮತ್ತು ಶಿಕಾಗೋ ನಗರಗಳ ನಡುವೆ ಅಂಚೆ ಚೀಲಗಳನ್ನು ಹೊತ್ತು ಹಾರತೊಡಗಿದರು. ಮಳೆ, ಮಂಜು, ಇರುಳು ಯಾವುದಿದ್ದರೂ ಅಂಚೆ ಹೊರಡಬೇಕು. ದಾರಿಯುದ್ದಕ್ಕೂ ದೀಪಗಳು ತೀರಾ ವಿರಳ.

ಆ ವರ್ಷದ ಸೆಪ್ಟೆಂಬರ್ 16ರ ರಾತ್ರಿ ಶಿಕಾಗೋ ಹತ್ತಿರ ದಟ್ಟ ಮಂಜು ಕವಿದು ನೆಲವೇ ಕಾಣದಾಯಿತು. ಇಳಿಯಲು ಜಾಗ ಹುಡುಕುತ್ತ ಸುತ್ತುತ್ತಿದ್ದಾಗ ಎಂಜಿನ್ ನಿಂತಿತು. ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಇರಬೇಕೆಂದು ಅವರ ಲೆಕ್ಕ ಹೇಳುತ್ತಿತ್ತು. ಆದರೆ ದುರಸ್ತಿಗೆಂದು 110 ಗ್ಯಾಲನ್ ಟ್ಯಾಂಕನ್ನು ತೆಗೆದು 85 ಗ್ಯಾಲನ್ ಟ್ಯಾಂಕನ್ನು ಕೂರಿಸಲಾಗಿತ್ತು. ಆ ವಿಷಯ ಅವರಿಗೆ ತಿಳಿದಿರಲಿಲ್ಲ. ಮೀಸಲು ಟ್ಯಾಂಕಿನ ಪೆಟ್ರೋಲೂ ಮುಗಿದ ಮೇಲೆ ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದರು. ಚಾಲಕನಿಲ್ಲದ ವಿಮಾನ ಮೂತಿ ಕೆಳಗೆ ಮಾಡಿದಾಗ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಹನಿಗಳು ಎಂಜಿನ್‌ಗೆ ಹರಿದು ಅದು ಮತ್ತೆ ಓಡತೊಡಗಿತು. ಇಳಿಯುತ್ತಿದ್ದ ಅವರ ಸುತ್ತಲೇ ಸುತ್ತು ಹೊಡೆದು ದೂರ ಹೋಗಿ ಬಿತ್ತು. ನವೆಂಬರ್‌ನಲ್ಲಿ ಇನ್ನೊಮ್ಮೆ ಹೀಗೆಯೇ ಜಿಗಿಯಬೇಕಾಯಿತು.

ಲೆಕ್ಕ ಹಾಕಿದ ರೀತಿ ಸರಿ ಇತ್ತು. ಲೆಕ್ಕಕ್ಕೆ ಕೊಟ್ಟ ಸಂಖ್ಯೆ ತಪ್ಪಿತ್ತು. ಮುಂದೆ ಪ್ಯಾರಿಸ್ ಹಾರಾಟಕ್ಕೆ ಸಿದ್ಧರಾಗುವಾಗ ಪ್ರತಿ ಸಂಖ್ಯೆಯನ್ನೂ ತಾವೇ ತಾಳೆ ನೋಡುವ ಹಟ ಅವರಲ್ಲಿ ಕಾಣುತ್ತದೆ.

ಗ್ರಂಥಾಲಯದ ಗೋಳ, ದಿನಸಿ ಅಂಗಡಿಯ ದಾರ

ನ್ಯೂಯಾರ್ಕಿನ ಹೋಟೆಲ್ ಉದ್ಯಮಿ ರೇಮಂಡ್ ಓರ್ಟೀಗ್ 1919ರಲ್ಲೇ ಒಂದು ಬಹುಮಾನ ಸಾರಿದ್ದರು. ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ಎಲ್ಲೂ ಇಳಿಯದೆ ಹಾರಿದವರಿಗೆ 25,000 ಡಾಲರ್. 1926ರಲ್ಲಿ ಫ್ರಾನ್ಸಿನ ಯುದ್ಧವೀರ ರೆನೆ ಫಾಂಕ್ ಅವರ ಭಾರವಾದ ವಿಮಾನ ನೆಲ ಬಿಡುವಾಗಲೇ ಉರುಳಿ ಇಬ್ಬರು ಸತ್ತರು. 1927ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ನೌಕಾಪಡೆಯ ಅಧಿಕಾರಿಗಳು ಪರೀಕ್ಷಾ ಹಾರಾಟದಲ್ಲಿ ಸತ್ತರು. ಮೇ 8ರಂದು ಪ್ಯಾರಿಸ್‌ನಿಂದ ಹೊರಟ ನಂಜೆಸ್ಸೆ ಮತ್ತು ಕೋಲಿ ಮರಳಿ ಕಾಣಿಸಲೇ ಇಲ್ಲ.

ಇಂಥ ಹೊತ್ತಿನಲ್ಲಿ ಸೇಂಟ್ ಲೂಯಿಸ್‌ನ ಕೆಲವು ವ್ಯಾಪಾರಿಗಳು ಲಿಂಡ್‌ಬರ್ಗ್ ಅವರ ಬೆನ್ನಿಗೆ ನಿಂತರು. ಅವರ ಯೋಚನೆ ಸರಳ: ಒಂದೇ ಎಂಜಿನ್, ಒಬ್ಬನೇ ಚಾಲಕ, ಉಳಿದ ಭಾರವೆಲ್ಲ ಪೆಟ್ರೋಲ್. 1927ರ ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೋ ನಗರದ ರಯಾನ್ ಎಂಬ ಸಣ್ಣ ಕಂಪನಿಗೆ ಹೋದರು. ಅಲ್ಲಿನ ಎಂಜಿನಿಯರ್ ಡೊನಾಲ್ಡ್ ಹಾಲ್ ವಿಮಾನದ ವಿನ್ಯಾಸಕ್ಕೆ ಕೂತಾಗ ಮೊದಲು ಬೇಕಾದ ಸಂಖ್ಯೆಯೇ ದೂರ. ಎಷ್ಟು ದೂರ ಹಾರಬೇಕೆಂದು ತಿಳಿಯದೆ ಎಷ್ಟು ಪೆಟ್ರೋಲ್ ಎಂದು ಹೇಳಲಾಗದು; ಪೆಟ್ರೋಲಿನ ಭಾರ ತಿಳಿಯದೆ ರೆಕ್ಕೆ ಎಷ್ಟು ಅಗಲವಿರಬೇಕೆಂದು ಹೇಳಲಾಗದು.

ಇಬ್ಬರೂ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರು. ಅಲ್ಲಿದ್ದ ಭೂಗೋಳದ ಮೇಲೆ ದಿನಸಿ ಅಂಗಡಿಯ ಬಿಳಿ ದಾರವನ್ನು ನ್ಯೂಯಾರ್ಕಿನಿಂದ ಪ್ಯಾರಿಸ್‌ವರೆಗೆ ಬಿಗಿಯಾಗಿ ಹಿಡಿದರು. ದಾರದ ಉದ್ದವನ್ನು ಗೋಳದ ಅಳತೆಗೆ ಹೋಲಿಸಿದಾಗ ಬಂದ ಉತ್ತರ ಸುಮಾರು 3,600 ಮೈಲಿ. ಇದರ ಮೇಲೆ ಗಾಳಿಗೆ, ದಾರಿ ತಪ್ಪುವುದಕ್ಕೆ, ಕತ್ತಲಿಗೆ ಎಂದು ಒಂದಿಷ್ಟು ಸೇರಿಸಿ, ಗಾಳಿಯಿಲ್ಲದ ಲೆಕ್ಕದಲ್ಲಿ ಸುಮಾರು 4,000 ಮೈಲಿ ಹಾರಬಲ್ಲ ವಿಮಾನ ಬೇಕೆಂದು ತೀರ್ಮಾನಿಸಿದರು. 60 ದಿನಗಳಲ್ಲಿ ವಿಮಾನ ಸಿದ್ಧವಾಯಿತು. ಬೆಲೆ 10,580 ಡಾಲರ್. ಹೆಸರು ಸ್ಪಿರಿಟ್ ಆಫ್ ಸೇಂಟ್ ಲೂಯಿಸ್.

ದಾರವನ್ನು ಬಿಗಿಯಾಗಿ ಹಿಡಿದದ್ದೇ ಇಲ್ಲಿ ಮುಖ್ಯ. ಗೋಳದ ಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದ ದಾರ ತಾನಾಗಿಯೇ ಅತಿ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಆ ದಾರಿಯನ್ನು ಮುಂದುವರಿಸಿದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಇದಕ್ಕೆ ಮಹಾವೃತ್ತ ಎಂದು ಹೆಸರು.

ನಕ್ಷೆಯಲ್ಲಿ ನೇರ, ನೆಲದಲ್ಲಿ ಸುತ್ತು

ಗೋಳವನ್ನು ವಿಮಾನದಲ್ಲಿ ಹೊತ್ತೊಯ್ಯಲಾಗದು. ಲಿಂಡ್‌ಬರ್ಗ್ ಹಡಗಿನ ಸಾಮಾನು ಮಾರುವ ಅಂಗಡಿಯಿಂದ ನಕ್ಷೆಗಳನ್ನು ತಂದರು. ಅವುಗಳಲ್ಲಿ ಎರಡು ಬಗೆ. ಒಂದು ಮರ್ಕೇಟರ್ ನಕ್ಷೆ. ಅದರಲ್ಲಿ ಎಳೆದ ನೇರ ಗೆರೆಯ ಮೇಲೆ ಎಲ್ಲ ಕಡೆಯೂ ದಿಕ್ಕು ಒಂದೇ. ಆದರೆ ಆ ಗೆರೆ ಅತಿ ಹತ್ತಿರದ ದಾರಿಯಲ್ಲ. ಇನ್ನೊಂದು ನೋಮಾನಿಕ್ ನಕ್ಷೆ. ಅದರಲ್ಲಿ ಎಳೆದ ನೇರ ಗೆರೆ ಮಹಾವೃತ್ತವೇ. ಆದರೆ ಅದರಲ್ಲಿ ದಿಕ್ಕನ್ನೂ ದೂರವನ್ನೂ ನೇರವಾಗಿ ಓದಲಾಗದು.

ಅವರು ಎರಡನ್ನೂ ಬಳಸಿದರು. ನೋಮಾನಿಕ್ ನಕ್ಷೆಯಲ್ಲಿ ನೇರ ಗೆರೆ ಎಳೆದು, ಆ ಗೆರೆಯ ಬಿಂದುಗಳನ್ನು ಮರ್ಕೇಟರ್ ನಕ್ಷೆಗೆ ಸಾಗಿಸಿದರು. ಅಲ್ಲಿ ಅವು ಉತ್ತರಕ್ಕೆ ಬಾಗಿದ ಬಿಲ್ಲಿನ ಆಕಾರ ತಾಳಿದವು. ಆ ಬಿಲ್ಲನ್ನು 100 ಮೈಲಿಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ದಿಕ್ಸೂಚಿ ಎಷ್ಟು ಡಿಗ್ರಿ ತೋರಿಸಬೇಕೆಂದು ಬರೆದಿಟ್ಟರು. ವಿಮಾನದ ವೇಗ ಗಂಟೆಗೆ ಸುಮಾರು 100 ಮೈಲಿ. ಹಾಗಾಗಿ ಗಂಟೆಗೊಮ್ಮೆ ದಿಕ್ಕನ್ನು ಕೊಂಚ ತಿದ್ದಿದರೆ ಸಾಕು. ಕೊನೆಗೆ ಗೋಳದ ತ್ರಿಕೋನಮಿತಿಯ ಸೂತ್ರಗಳನ್ನು ಹಿಡಿದು ಕೆಲವು ಬಿಂದುಗಳನ್ನು ಕೈಯಾರೆ ಲೆಕ್ಕ ಮಾಡಿದರು. ನಕ್ಷೆಯ ಬಿಂದುಗಳೂ ಲೆಕ್ಕದ ಬಿಂದುಗಳೂ ತಾಳೆಯಾದವು. ಕಾಲೇಜು ಬಿಟ್ಟ ಹುಡುಗ ದಾರ, ನಕ್ಷೆ, ಸೂತ್ರ ಎಂದು ಮೂರು ದಾರಿಗಳಲ್ಲಿ ಒಂದೇ ದೂರವನ್ನು ಅಳೆದಿದ್ದ.

ಈ ಶ್ರಮದ ಫಲವನ್ನು ಸಂಖ್ಯೆಯಲ್ಲಿ ನೋಡಬಹುದು. ನ್ಯೂಯಾರ್ಕಿನಿಂದ ಹೊರಡುವಾಗ ಮಹಾವೃತ್ತದ ದಿಕ್ಕು ಉತ್ತರದಿಂದ ಪೂರ್ವಕ್ಕೆ ಸುಮಾರು 54 ಡಿಗ್ರಿ. ಪ್ಯಾರಿಸ್ ತಲುಪುವಾಗ ಅದು ಸುಮಾರು 112 ಡಿಗ್ರಿ. ದಿಕ್ಕು ಬದಲಿಸದೆ ಮರ್ಕೇಟರ್ ನಕ್ಷೆಯ ನೇರ ಗೆರೆಯನ್ನು ಹಿಡಿದಿದ್ದರೆ ಉದ್ದಕ್ಕೂ ಸುಮಾರು 81 ಡಿಗ್ರಿ, ಅಂದರೆ ಬಹುತೇಕ ಪೂರ್ವಕ್ಕೇ ಹಾರಬೇಕಿತ್ತು. ಆ ದಾರಿ ಸುಮಾರು 140 ಮೈಲಿ ಹೆಚ್ಚು ಉದ್ದ. ಕಾಗದದ ಮೇಲೆ ನೇರವಾಗಿ ಕಾಣುವ ದಾರಿಯೇ ಭೂಮಿಯ ಮೇಲೆ ಸುತ್ತು ದಾರಿ.

ಮೂವತ್ತಮೂರೂವರೆ ಗಂಟೆ

ವಿಮಾನದ ಭಾರ ಇಳಿಸಲು ಲಿಂಡ್‌ಬರ್ಗ್ ಮಾಡಿದ ಉಳಿತಾಯ ಹೆಸರುವಾಸಿ. ರೇಡಿಯೋ ಇಲ್ಲ, ಪ್ಯಾರಾಚೂಟ್ ಇಲ್ಲ. ನಕ್ಷೆಗಳಲ್ಲಿ ಬೇಡದ ಭಾಗಗಳನ್ನೂ ಕತ್ತರಿಸಿ ತೆಗೆದರು. ಮುಖ್ಯ ಟ್ಯಾಂಕು ಚಾಲಕನ ಮುಂದೆಯೇ ಇದ್ದುದರಿಂದ ಎದುರಿನ ನೋಟವೇ ಇರಲಿಲ್ಲ. ಪಕ್ಕದ ಕಿಟಕಿ ಮತ್ತು ಒಂದು ಪೆರಿಸ್ಕೋಪ್ ಅವರ ಕಣ್ಣು. ತುಂಬಿಸಿದ ಪೆಟ್ರೋಲ್ 450 ಅಮೆರಿಕನ್ ಗ್ಯಾಲನ್. ಅದರ ಭಾರವೇ ಸುಮಾರು 2,700 ಪೌಂಡು, ಇಡೀ ವಿಮಾನದ ಭಾರದ ಅರ್ಧಕ್ಕಿಂತ ಹೆಚ್ಚು.

ಹೊರಡುವ ಕೆಲವು ದಿನ ಮೊದಲು ತಾಯಿ ನ್ಯೂಯಾರ್ಕಿಗೆ ಬಂದು ಮಗನನ್ನು ಕಂಡು, ಮರಳಿ ಡೆಟ್ರಾಯಿಟಿಗೆ ಹೋಗಿ ತಮ್ಮ ಶಾಲೆಯ ತರಗತಿಗೆ ಹಾಜರಾದರು.

1927ರ ಮೇ 20ರ ಬೆಳಿಗ್ಗೆ 7 ಗಂಟೆ 52 ನಿಮಿಷಕ್ಕೆ, ಮಳೆಗೆ ಕೆಸರಾಗಿದ್ದ ರೂಸ್‌ವೆಲ್ಟ್ ಫೀಲ್ಡ್ ನಿಲ್ದಾಣದಿಂದ ವಿಮಾನ ಎದ್ದಿತು. ಮೈದಾನದ ಅಂಚಿನ ಟೆಲಿಫೋನ್ ತಂತಿಗಳನ್ನು ಸುಮಾರು 20 ಅಡಿ ಅಂತರದಲ್ಲಿ ದಾಟಿತು. ಹಿಂದಿನ ರಾತ್ರಿ ಲಿಂಡ್‌ಬರ್ಗ್ ಕಣ್ಣು ಮುಚ್ಚಿರಲಿಲ್ಲ. ನೋವಾ ಸ್ಕೋಶಿಯಾ ದಾಟಿ, ಸಂಜೆಗೆ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಊರಿನ ಮೇಲೆ ಹಾದುಹೋದರು. ಅದಕ್ಕಾಗಿ ತಮ್ಮ ಗೆರೆಯಿಂದ ಸ್ವಲ್ಪ ದಕ್ಷಿಣಕ್ಕೆ ಸರಿದಿದ್ದರು. ನೆಲದವರು ಕಂಡರೆ ಎಲ್ಲಿಯವರೆಗೆ ಬಂದಿದ್ದರೆಂದು ಲೋಕಕ್ಕೆ ತಿಳಿಯುತ್ತದೆ ಎಂಬ ಯೋಚನೆ.

ಅಲ್ಲಿಂದ ಮುಂದೆ ನೀರು ಮತ್ತು ಕತ್ತಲು. ರೆಕ್ಕೆಗೆ ಮಂಜುಗಡ್ಡೆ ಕಟ್ಟಿತು. ಗುಡುಗು ಮೋಡಗಳನ್ನು ಬಳಸಿ ಹೋಗಬೇಕಾಯಿತು. ನಿದ್ದೆ ಕಣ್ಣನ್ನು ಎಳೆಯುತ್ತಿತ್ತು. ಕೆಲವೊಮ್ಮೆ ಅಲೆಗಳಿಗೆ ತೀರಾ ಹತ್ತಿರ, ಕೆಲವೊಮ್ಮೆ 10,000 ಅಡಿ ಎತ್ತರದಲ್ಲಿ ಹಾರಿದರು. ಸುಮಾರು 16 ಗಂಟೆಗಳ ಕಾಲ ನೆಲ ಕಾಣಲಿಲ್ಲ. ಮರುದಿನ ಮೀನುಗಾರರ ದೋಣಿಗಳು ಕಂಡವು, ಆಮೇಲೆ ಬೆಟ್ಟಗಳ ತೀರ ಕಂಡಿತು. ನಕ್ಷೆಯೊಡನೆ ಹೋಲಿಸಿದರೆ ಅದು ಐರ್ಲೆಂಡಿನ ಡಿಂಗಲ್ ಕೊಲ್ಲಿ. ತಾವು ಎಳೆದ ಗೆರೆಯಿಂದ ಅವರು ಕೆಲವೇ ಮೈಲಿ ಸರಿದಿದ್ದರು. ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲೇ ಬಂದಿದ್ದರು. ಇದರಲ್ಲಿ ಅದೃಷ್ಟದ ಪಾಲೂ ಇದೆ: ಬೆನ್ನ ಹಿಂದಿನ ಗಾಳಿ ಸಹಾಯ ಮಾಡಿತ್ತು, ಅತ್ತಿತ್ತ ಸರಿದ ತಪ್ಪುಗಳು ಒಂದನ್ನೊಂದು ತಿಂದುಹಾಕಿದ್ದವು.

ಮೇ 21ರ ರಾತ್ರಿ ಪ್ಯಾರಿಸ್. ಇಳಿಯಬೇಕಾದ ಲೆ ಬೂರ್ಜೆ ನಿಲ್ದಾಣ ಅವರ ನಕ್ಷೆಯಲ್ಲಿ ಗುರುತಾಗಿರಲಿಲ್ಲ. ಊರಿನ ಈಶಾನ್ಯಕ್ಕಿದೆ ಎಂದಷ್ಟೇ ಕೇಳಿ ತಿಳಿದಿದ್ದರು. 33 ಗಂಟೆ 30 ನಿಮಿಷಗಳ ಹಾರಾಟದ ನಂತರ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದ ಆ ಬಯಲಿನಲ್ಲಿ ಇಳಿದರು. ಟ್ಯಾಂಕಿನಲ್ಲಿ ಇನ್ನೂ 85 ಗ್ಯಾಲನ್ ಉಳಿದಿತ್ತು.

ದೂರ ಒಂದೇ, ಸಂಖ್ಯೆ ಮೂರು

ಈಗ ಅಳತೆಗೆ ಬರೋಣ. ರೂಸ್‌ವೆಲ್ಟ್ ಫೀಲ್ಡ್‌ನಿಂದ ಲೆ ಬೂರ್ಜೆಗೆ ದಾಖಲೆಯಾದ ದೂರ 5,809 ಕಿಲೋಮೀಟರ್. ಅದೇ ದೂರ ನೆಲದ ಮೈಲಿಯಲ್ಲಿ 3,610. ನಾಟಿಕಲ್ ಮೈಲಿಯಲ್ಲಿ ಸುಮಾರು 3,137. ಮೂರೂ ಸರಿ, ಮೂರಕ್ಕೂ ಒಂದೊಂದು ಹಿನ್ನೆಲೆ ಇದೆ.

ನೆಲದ ಮೈಲಿ ಎಂದರೆ 5,280 ಅಡಿ, ಅಂದರೆ 1.609 ಕಿಲೋಮೀಟರ್. ನಮ್ಮ ಹಿರಿಯರು ಎಂಟು ಫರ್ಲಾಂಗಿಗೆ ಒಂದು ಮೈಲಿ ಎಂದು ಎಣಿಸಿದ್ದು ಇದನ್ನೇ. ಇದು ರಸ್ತೆ ಮತ್ತು ಹೊಲಗಳ ಅಳತೆಯಿಂದ ಬಂದದ್ದು. ಭೂಮಿಯ ಗಾತ್ರಕ್ಕೂ ಇದಕ್ಕೂ ನಂಟಿಲ್ಲ.

ನಾಟಿಕಲ್ ಮೈಲಿ ಭೂಮಿಯ ಗಾತ್ರದಿಂದಲೇ ಹುಟ್ಟಿದ್ದು. ಭೂಮಿಯ ಸುತ್ತಳತೆಯನ್ನು 360 ಡಿಗ್ರಿಗೆ, ಒಂದೊಂದು ಡಿಗ್ರಿಯನ್ನು 60 ನಿಮಿಷಕ್ಕೆ ಭಾಗಿಸಿದರೆ 21,600 ನಿಮಿಷಗಳಾಗುತ್ತವೆ. ಅಂಥ ಒಂದು ನಿಮಿಷದ ಉದ್ದವೇ ಒಂದು ನಾಟಿಕಲ್ ಮೈಲಿ. ಅಕ್ಷಾಂಶ ಗೊತ್ತಿದ್ದ ನಾವಿಕನಿಗೆ ಅಳತೆಪಟ್ಟಿಯೇ ಬೇಡ, ನಕ್ಷೆಯ ಅಂಚಿನ ಅಕ್ಷಾಂಶದ ಗುರುತುಗಳೇ ಅಳತೆಪಟ್ಟಿ. ಲಿಂಡ್‌ಬರ್ಗ್ ಹಾರಿದ ವರ್ಷ ಇದಕ್ಕೆ ಎಲ್ಲ ದೇಶಗಳೂ ಒಪ್ಪಿದ ಒಂದೇ ಬೆಲೆ ಇರಲಿಲ್ಲ. 1,852 ಮೀಟರ್ ಎಂಬ ಅಂತರರಾಷ್ಟ್ರೀಯ ಬೆಲೆಯನ್ನು 1929ರಲ್ಲಿ ಮೊನಾಕೋದಲ್ಲಿ ಸೇರಿದ ಸಮ್ಮೇಳನ ಗೊತ್ತುಮಾಡಿತು. ಅಮೆರಿಕ ಅದನ್ನು ಒಪ್ಪಿದ್ದು 1954ರಲ್ಲಿ.

ಕಿಲೋಮೀಟರ್ ಕೂಡ ಭೂಮಿಯ ಮಗುವೇ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಮೀಟರನ್ನು ರೂಪಿಸಿದಾಗ, ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯ ಒಂದು ಭಾಗ ಎಂದು ಹಿಡಿದರು. ಹಾಗಾಗಿ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. 40,000ವನ್ನು 21,600ರಿಂದ ಭಾಗಿಸಿದರೆ 1.852 ಬರುತ್ತದೆ. ಪರಿವರ್ತನೆಯ ಈ ಅಂಕಿಯನ್ನು ಮಕ್ಕಳು ಬಾಯಿಪಾಠ ಮಾಡಬೇಕಿಲ್ಲ. ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ತಾವೇ ಪಡೆಯಬಹುದು.

ಲಿಂಡ್‌ಬರ್ಗ್ ನೆಲದ ಮೈಲಿಯನ್ನೇ ಏಕೆ ಹಿಡಿದರು? ಅವರ ವೇಗಮಾಪಕ ತೋರಿಸುತ್ತಿದ್ದದ್ದು ಗಂಟೆಗೆ ಎಷ್ಟು ನೆಲದ ಮೈಲಿ ಎಂದು. ಪೆಟ್ರೋಲಿನ ಲೆಕ್ಕವೂ ಗ್ಯಾಲನ್ನಿಗೆ ಎಷ್ಟು ನೆಲದ ಮೈಲಿ ಎಂದು. ದೂರ, ವೇಗ, ಇಂಧನ ಮೂರೂ ಒಂದೇ ಭಾಷೆ ಮಾತನಾಡಬೇಕಿತ್ತು. ದೂರವನ್ನು ನಾವಿಕರ ಪಟ್ಟಿಯಿಂದ 3,137 ಎಂದು ತೆಗೆದುಕೊಂಡು, ಅದನ್ನು ನೆಲದ ಮೈಲಿ ಎಂದು ಭಾವಿಸಿ ಪೆಟ್ರೋಲ್ ತುಂಬಿಸಿದ್ದರೆ ಏನಾಗುತ್ತಿತ್ತು? 473 ಮೈಲಿ ಕಡಿಮೆ ಬೀಳುತ್ತಿತ್ತು. ಅವರ ಸರಾಸರಿ ವೇಗದಲ್ಲಿ ಅದು ನಾಲ್ಕು ಗಂಟೆಗೂ ಹೆಚ್ಚಿನ ಹಾರಾಟ.

ಗ್ಯಾಲನ್ನಿನಲ್ಲೂ ಇಂಥದೇ ಬಲೆ ಇದೆ. ಅಮೆರಿಕನ್ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಅವರ 450 ಗ್ಯಾಲನ್ ಬ್ರಿಟಿಷ್ ಲೆಕ್ಕದಲ್ಲಿ ಸುಮಾರು 375 ಮಾತ್ರ.

ಕೀರ್ತಿ, ನೋವು, ಕಳಂಕ

ಪ್ಯಾರಿಸ್ ಹಾರಾಟ ಒಂದು ರಾತ್ರಿಯಲ್ಲಿ ಲಿಂಡ್‌ಬರ್ಗ್ ಅವರನ್ನು ಜಗತ್ತಿನ ಅತಿ ಪ್ರಸಿದ್ಧ ಮನುಷ್ಯರಲ್ಲಿ ಒಬ್ಬರನ್ನಾಗಿ ಮಾಡಿತು. ಅದೇ ವರ್ಷ ಆಗ ಅಮೆರಿಕದಲ್ಲಿದ್ದ 48 ರಾಜ್ಯಗಳನ್ನೂ ಅದೇ ವಿಮಾನದಲ್ಲಿ ಸುತ್ತಿದರು. 1929ರಲ್ಲಿ ಆ್ಯನ್ ಮೊರೋ ಅವರನ್ನು ಮದುವೆಯಾದರು. ಆ್ಯನ್ ವಿಮಾನ ನಡೆಸುವುದನ್ನೂ ರೇಡಿಯೋ ಕೆಲಸವನ್ನೂ ಕಲಿತರು. 1931ರಲ್ಲಿ ಇಬ್ಬರೂ ಕೆನಡ, ಅಲಾಸ್ಕದ ಮೇಲಿಂದ ಜಪಾನ್ ಮತ್ತು ಚೀನಾಕ್ಕೆ ಹಾರಿದರು. 1937ರಲ್ಲಿ ಭಾರತಕ್ಕೂ ಬಂದರು. ರಾಕೆಟ್ ವಿಜ್ಞಾನಿ ರಾಬರ್ಟ್ ಗಾಡರ್ಡ್ ಅವರಿಗೆ ಸಂಶೋಧನೆಯ ಹಣ ಸಿಗುವಂತೆ ಮಾಡಿದವರಲ್ಲಿ ಲಿಂಡ್‌ಬರ್ಗ್ ಪ್ರಮುಖರು.

ಕೀರ್ತಿಯ ಬೆಲೆ ದೊಡ್ಡದಾಗಿತ್ತು. 1932ರ ಮಾರ್ಚ್ 1ರಂದು ಅವರ ಚೊಚ್ಚಲ ಮಗುವನ್ನು ಮನೆಯಿಂದ ಅಪಹರಿಸಲಾಯಿತು. ಎರಡು ತಿಂಗಳ ಮೇಲೆ ಶವ ಸಿಕ್ಕಿತು. ಜನರ ಮತ್ತು ಪತ್ರಿಕೆಗಳ ಕಾಟ ತಾಳಲಾರದೆ 1935ರ ಕೊನೆಗೆ ಕುಟುಂಬ ಯುರೋಪಿಗೆ ಹೋಯಿತು.

ಅಲ್ಲಿ ಜರ್ಮನಿಯ ವಾಯುಪಡೆಯನ್ನು ಕಂಡು ಬೆರಗಾದರು. 1938ರಲ್ಲಿ ಗೋರಿಂಗ್ ಕೈಯಿಂದ ಪದಕ ಪಡೆದರು. ಅಮೆರಿಕಕ್ಕೆ ಮರಳಿ, ದೇಶ ಯುದ್ಧಕ್ಕೆ ಇಳಿಯಬಾರದೆಂದು ಪ್ರಚಾರ ಮಾಡಿದರು. 1941ರ ಸೆಪ್ಟೆಂಬರ್‌ನ ಭಾಷಣವೊಂದರಲ್ಲಿ ಯುದ್ಧದ ಒತ್ತಡಕ್ಕೆ ಯಹೂದಿಗಳನ್ನು ಹೊಣೆ ಮಾಡಿದವರ ಸಾಲಿಗೆ ತಾವೂ ಸೇರಿದರು. ಆ ಕಳಂಕ ಅವರ ಹೆಸರಿಗೆ ಇಂದಿಗೂ ಅಂಟಿದೆ. ಸಾಗರದ ದೂರವನ್ನು ಮೂರು ಬಾರಿ ಅಳೆದು ತಾಳೆ ನೋಡಿದವರು ಮನುಷ್ಯರ ವಿಷಯದಲ್ಲಿ ಕೇಳಿದ್ದನ್ನು ತಾಳೆ ನೋಡದೆ ನಂಬಿದರು. ಮಹನೀಯರ ಬದುಕನ್ನು ತರಗತಿಗೆ ಒಯ್ಯುವ ಶಿಕ್ಷಕರು ಈ ಭಾಗವನ್ನು ಮುಚ್ಚಿಡಬಾರದು.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ 1944ರಲ್ಲಿ ಪೆಸಿಫಿಕ್ ರಣರಂಗಕ್ಕೆ ನಾಗರಿಕ ಸಲಹೆಗಾರರಾಗಿ ಹೋದರು. ಅಲ್ಲಿ ಅವರು ಕಲಿಸಿದ್ದು ಮತ್ತೆ ದೂರ ಮತ್ತು ಇಂಧನದ ಪಾಠವನ್ನೇ. ಎಂಜಿನ್ನಿನ ಸುತ್ತುಗಳನ್ನು ತಗ್ಗಿಸಿ, ಇಂಧನದ ಮಿಶ್ರಣವನ್ನು ತೆಳುವಾಗಿಸಿ ಹಾರಿದರೆ ಅದೇ ಟ್ಯಾಂಕಿನಲ್ಲಿ ಎಷ್ಟೋ ಹೆಚ್ಚು ದೂರ ಹೋಗಿಬರಬಹುದೆಂದು ಯುವ ಚಾಲಕರಿಗೆ ತೋರಿಸಿಕೊಟ್ಟರು. ಮಾತಿನಲ್ಲಿ ಹೇಳಿ ಬಿಡದೆ ಅವರ ಜೊತೆಯಲ್ಲೇ ಹಾರಿದರು.

ಪ್ಯಾರಿಸ್ ಹಾರಾಟದ ಕುರಿತು 1953ರಲ್ಲಿ ಪ್ರಕಟವಾದ ಅವರ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂದಿತು. ಕೊನೆಯ ವರ್ಷಗಳನ್ನು ಕಾಡು ಮತ್ತು ವನ್ಯಜೀವಿಗಳ ರಕ್ಷಣೆಗೆ ಕೊಟ್ಟರು. 1968ರ ಡಿಸೆಂಬರ್‌ನಲ್ಲಿ ಚಂದ್ರನ ಸುತ್ತ ಹೋಗಲಿದ್ದ ಅಪೋಲೋ 8ರ ಯಾತ್ರಿಗಳನ್ನು ಉಡಾವಣೆಯ ಹಿಂದಿನ ದಿನ ಭೇಟಿಯಾದರು. ಗೋಳದ ಮೇಲೆ ದಾರ ಹಿಡಿದು ಪ್ಯಾರಿಸ್‌ನ ದೂರ ಅಳೆದ ಕಥೆಯನ್ನು ಅವರಿಗೆ ಹೇಳಿದರು. ಅವರ ರಾಕೆಟ್ ಮೊದಲ ಸೆಕೆಂಡಿನಲ್ಲಿ ಸುಡುವ ಇಂಧನ ತಮ್ಮ ಇಡೀ ಪ್ಯಾರಿಸ್ ಹಾರಾಟದ ಇಂಧನದ ಹತ್ತು ಪಟ್ಟು ಎಂದು ಲೆಕ್ಕವನ್ನೂ ಮಾಡಿ ತೋರಿಸಿದರು. 1974ರ ಆಗಸ್ಟ್ 26ರಂದು ಹವಾಯಿಯ ಮಾವಿ ದ್ವೀಪದಲ್ಲಿ ತೀರಿಕೊಂಡರು.

ತರಗತಿಗೆ ಒಯ್ಯುವಾಗ

ಈ ಜೀವನಕಥೆಯನ್ನು ಎರಡು ಅಥವಾ ಮೂರು ಅವಧಿಗಳ ಪಾಠಕ್ಕೆ ಹೊಂದಿಸಿಕೊಳ್ಳಬಹುದು. ಬೇಕಾದ ಕಲಿಕೋಪಕರಣಗಳು: ಶಾಲೆಯ ಗೋಳ, ದಾರ, ಅಳತೆಪಟ್ಟಿ, ಭೂಪಟ.

ಮೊದಲ ಅವಧಿಯಲ್ಲಿ ಮಕ್ಕಳು ಗೋಳದ ಸುತ್ತಳತೆಯನ್ನು ದಾರದಿಂದ ಅಳೆಯಲಿ. 30 ಸೆಂಟಿಮೀಟರ್ ವ್ಯಾಸದ ಗೋಳವಾದರೆ ಸುತ್ತಳತೆ ಸುಮಾರು 94 ಸೆಂಟಿಮೀಟರ್ ಬರುತ್ತದೆ. 40,000 ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್. ನ್ಯೂಯಾರ್ಕ್ ಪ್ಯಾರಿಸ್ ನಡುವಿನ ದಾರ ಸುಮಾರು 13.7 ಸೆಂಟಿಮೀಟರ್ ಬರಬೇಕು. ಗುಂಪು ಗುಂಪಿಗೆ ಉತ್ತರ ಬೇರೆಯಾಗುತ್ತದೆ, ಆಗಲಿ. ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನಿಜವಾದ ದೂರದಲ್ಲಿ 85 ಕಿಲೋಮೀಟರ್ ವ್ಯತ್ಯಾಸ ಎಂದು ಅವರೇ ಕಂಡುಕೊಂಡಾಗ, ಲಿಂಡ್‌ಬರ್ಗ್ 3,600ಕ್ಕೆ ನಿಲ್ಲದೆ 4,000ಕ್ಕೆ ಏಕೆ ಹೋದರೆಂಬುದು ಹೇಳದೆಯೇ ಅರ್ಥವಾಗುತ್ತದೆ.

ಎರಡನೇ ಅವಧಿಗೆ ನಮ್ಮದೇ ಉದಾಹರಣೆ ಸಿದ್ಧವಿದೆ. ಬೆಂಗಳೂರು ಮತ್ತು ದೆಹಲಿ ವಿಮಾನ ನಿಲ್ದಾಣಗಳು ಎರಡೂ ಹೆಚ್ಚುಕಡಿಮೆ 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿವೆ. ಬೆಂಗಳೂರಿನದು ಸುಮಾರು 13 ಡಿಗ್ರಿ 12 ನಿಮಿಷ ಉತ್ತರ ಅಕ್ಷಾಂಶ, ದೆಹಲಿಯದು ಸುಮಾರು 28 ಡಿಗ್ರಿ 34 ನಿಮಿಷ. ವ್ಯತ್ಯಾಸ 15 ಡಿಗ್ರಿ 22 ನಿಮಿಷ, ಅಂದರೆ 922 ನಿಮಿಷ. ಹಾಗಾದರೆ ದೂರ ಸುಮಾರು 922 ನಾಟಿಕಲ್ ಮೈಲಿ. 1.852ರಿಂದ ಗುಣಿಸಿದರೆ ಸುಮಾರು 1,707 ಕಿಲೋಮೀಟರ್. ಕಳೆಯುವುದು ಮತ್ತು ಗುಣಿಸುವುದು ಬಂದರೆ ಸಾಕು, ಏಳನೇ ತರಗತಿಯ ಮಗು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಪಡೆಯುತ್ತದೆ. ರೇಖಾಂಶ ಬೇರೆಯಾಗಿರುವ ಊರುಗಳಿಗೆ ಈ ಸುಲಭದ ದಾರಿ ಏಕೆ ನಡೆಯದು ಎಂಬ ಪ್ರಶ್ನೆಯನ್ನು ಚುರುಕು ಮಕ್ಕಳಿಗೆ ಬಿಡಬಹುದು.

ಮೂರನೆಯದು ಚರ್ಚೆಯ ಅವಧಿ. 2021ರ ಜನವರಿಯಲ್ಲಿ ಮಹಿಳಾ ಚಾಲಕಿಯರೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಬಂದಿತು; ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟದಲ್ಲಿ ಈ ದಾರಿ ವಿಚಿತ್ರವಾಗಿ ಕಾಣುತ್ತದೆ. ಗೋಳದ ಮೇಲೆ ದಾರ ಹಿಡಿದು ನೋಡಲು ಮಕ್ಕಳಿಗೆ ಹೇಳಿ. ಇಂದಿನ ವಿಮಾನ ಚಾಲಕರು ದೂರವನ್ನು ನಾಟಿಕಲ್ ಮೈಲಿಯಲ್ಲಿ, ಎತ್ತರವನ್ನು ಅಡಿಯಲ್ಲಿ, ರನ್‌ವೇ ಉದ್ದವನ್ನು ಮೀಟರಿನಲ್ಲಿ ಓದುತ್ತಾರೆಂದೂ ತಿಳಿಸಿ. ಒಂದೇ ಕೆಲಸದಲ್ಲಿ ಇಷ್ಟು ಏಕಮಾನಗಳಿರುವಾಗ ಬರಿಯ ಸಂಖ್ಯೆ ಎಷ್ಟು ಅಪಾಯಕಾರಿ ಎಂದು ಅವರೇ ಹೇಳಲಿ.

ಮೌಲ್ಯಮಾಪನದಲ್ಲಿ ಒಂದು ಮಾತು ನೆನಪಿರಲಿ. ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಳೆಯುವುದು ನಮ್ಮ ರೂಢಿ. ಏಕೆ ಕಳೆದೆವೆಂದು ಮಗುವಿಗೆ ಹೇಳುವುದು ಕಡಿಮೆ. 3,137 ಮತ್ತು 3,610 ಎಂಬ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಇವೆರಡೂ ಒಂದೇ ದೂರ, ನೀವು ಯಾವುದಕ್ಕೆ ಪೆಟ್ರೋಲ್ ತುಂಬಿಸುತ್ತೀರಿ ಎಂದು ಕೇಳಿದರೆ, ಆ ಅರ್ಧ ಅಂಕ ಎಲ್ಲಿಗೆ ಹೋಯಿತೆಂದು ಮಕ್ಕಳಿಗೆ ತಿಳಿಯುತ್ತದೆ.